ಅವರ ಅಂಜಿಕೆ, ನಮ್ಮ ಋಣ

2020 ಮತ್ತು 2021ರ ಆ ಎರಡು ವರ್ಷಗಳಲ್ಲಿ ನಮ್ಮ ಊರುಗಳ ಚೌಕಗಳಲ್ಲಿ, ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಅತಿ ಹೆಚ್ಚು ಬಳಕೆಯಾದ ಶಬ್ದ ಯಾವುದೆಂದು ಕೇಳಿದರೆ ‘ಯೋಧ’ ಎಂದೇ ಹೇಳಬೇಕಾಗುತ್ತದೆ. ಕೊರೊನಾ ಯೋಧರಿಗೆ ಶಾಲು, ಕೊರೊನಾ ಯೋಧರಿಗೆ ಹೂಮಳೆ, ಕೊರೊನಾ ಯೋಧರಿಗೆ ನಮನವೆಂದು ಬ್ಯಾನರು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಇಡೀ ದೇಶ ತಟ್ಟೆ ಬಡಿದು ಚಪ್ಪಾಳೆ ತಟ್ಟಿದ್ದೂ ಅವರಿಗಾಗಿಯೇ. ಹೊಗಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಶಬ್ದಕ್ಕೆ ಒಂದು ಗುಣವಿದೆ. ಅದನ್ನು ಒಬ್ಬರ ಹೆಗಲ ಮೇಲೆ ಹೊದಿಸಿದ ಗಳಿಗೆಯಿಂದ ಅವರು ಹೆದರುವಂತಿಲ್ಲ. ಹೆದರಿದ ಯೋಧನಿಗೆ ಲೋಕದಲ್ಲಿ ಬೇರೆ ಹೆಸರಿದೆ, ಆ ಹೆಸರು ಯಾರಿಗೂ ಬೇಡ.

ಆ ಯೋಧರ ಗುಂಪಿನಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರೂ ಇದ್ದರು. ನರ್ಸಿಂಗ್ ಓದುತ್ತಿದ್ದವರು, ಫಾರ್ಮಸಿಯವರು, ಆಯುರ್ವೇದದವರು, ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ಪಿನಲ್ಲಿದ್ದವರು. ಅವರು ಪೂರ್ತಿ ವೈದ್ಯರೂ ಅಲ್ಲ, ಬರಿಯ ವಿದ್ಯಾರ್ಥಿಗಳೂ ಅಲ್ಲ. ಹೊಗಳಿಕೆಯ ಪಾಲು ಕೊಡುವಾಗ ಅವರನ್ನು ಆಸ್ಪತ್ರೆಯವರೆಂದೂ ಸಂಬಳದ ಪಾಲು ಕೇಳುವಾಗ ಕಲಿಯುವವರೆಂದೂ ಎಣಿಸಲಾಯಿತು. ಇನ್ನೂ ಕಲಿಯುತ್ತಿರುವವರಿಂದ ಸಮಾಜ ಧೈರ್ಯವನ್ನು ಕೇಳಬಹುದೇ? ಕೇಳಿದರೆ, ಕೊಟ್ಟವರಿಗೆ ನಾವು ಏನನ್ನು ಹಿಂದಿರುಗಿಸಬೇಕು? ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಇದು.

ನಮ್ಮ ಕಡೆಯ ಮಾತನ್ನೇ ಆಡುತ್ತೇನೆ. ಗೋಕಾಕ, ಅದರಿಂದ ಬೇರ್ಪಟ್ಟು ಈಗ ತಾಲೂಕಾಗಿರುವ ಮೂಡಲಗಿ, ಪಕ್ಕದ ಹುಕ್ಕೇರಿ. ಹೊರಗಿನವರಿಗೆ ಈ ಸೀಮೆ ಎಂದರೆ ಜಲಪಾತ, ಕರದಂಟು, ಕಬ್ಬು, ಹಿಡಕಲ್ ಡ್ಯಾಮು, ಹೆಚ್ಚೆಂದರೆ ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳು. ಆದರೆ ಈ ನೆಲಕ್ಕೆ ಶುಶ್ರೂಷೆಯ ಒಂದು ಹಳೆಯ ನಂಟೂ ಇದೆ. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ನೆಲೆಸಿದ್ದ ಘಟಪ್ರಭಾದಲ್ಲಿ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಇದೆ. ಗಡಿಯಾಚೆ ಮಿರಜ ಇದೆ. ದೊಡ್ಡ ಬೇನೆ ಬಂದರೆ ‘ಮಿರಜಿಗೆ ಒಯ್ದರು’ ಎನ್ನುವುದು ಇಲ್ಲಿಯ ಹಿರಿಯರ ಬಾಯಲ್ಲಿ ಈಗಲೂ ಇರುವ ಮಾತು. ಬೆಳಗಾವಿಯಲ್ಲಿ ಬಿಮ್ಸ್ ಇದೆ, 1963ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿದೆ.

ಇಂಥ ಕಡೆ ಮಗಳನ್ನು ನರ್ಸಿಂಗಿಗೆ, ಮಗನನ್ನು ಡಿ.ಫಾರ್ಮಾಕ್ಕೆ ಸೇರಿಸುವುದು ಬಡ ಮಧ್ಯಮ ಮನೆಗಳ ದೊಡ್ಡ ಲೆಕ್ಕಾಚಾರ. ಎಂಜಿನಿಯರಿಂಗ್ ಮಾಡಿ ಖಾಲಿ ಕುಳಿತವರನ್ನು ಕಂಡಿದ್ದಾರೆ. ನರ್ಸ್ ಖಾಲಿ ಕುಳಿತದ್ದನ್ನು ಕಂಡಿಲ್ಲ. ಬೆಂಗಳೂರಾದರೂ ಆಯಿತು, ಸೌದಿಯಾದರೂ ಆಯಿತು, ತಿಂಗಳಿಗೊಮ್ಮೆ ಮನೆಗೆ ಹಣ ಬರುತ್ತದೆ. ಮುಸಲ್ಮಾನರ ಮನೆಗಳಲ್ಲಿ ಮಗಳನ್ನು ಹಾಸ್ಟೆಲಿಗೆ ಕಳಿಸುವುದೇ ಒಂದು ಹೋರಾಟ. ಆ ಹೋರಾಟವನ್ನು ಗೆದ್ದು ಬಂದ ಹುಡುಗಿಯರು ಇವರು. ತಾಯಿಯ ಬಂಗಾರ ಬ್ಯಾಂಕಿನಲ್ಲಿ ಇಟ್ಟು ಫೀ ಕಟ್ಟಿರುತ್ತಾರೆ. ಅದರ ಮೇಲೆ 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳೊಳಗೆ ಬಂದಳು. ಲೋಳಸೂರ ಸೇತುವೆ ಮುಳುಗಿತು. ಮನೆ ಕಳೆದುಕೊಂಡವರು, ಅಂಗಡಿಯ ಮಾಲು ನೀರುಪಾಲಾದವರು ಇನ್ನೂ ಕೆಸರು ತೊಳೆದು ಮುಗಿಸಿರಲಿಲ್ಲ, ಏಳು ತಿಂಗಳಿಗೆ ಲಾಕ್‌ಡೌನ್ ಬಂತು. ಕೊರೊನಾ ಕಾಲದ ಮನೋವ್ಯಾಕುಲತೆಯ ಕುರಿತು ಬರೆಯುವವರು ಸಾಮಾನ್ಯವಾಗಿ ವೈರಸ್ಸಿನಿಂದ ಕಥೆ ಶುರುಮಾಡುತ್ತಾರೆ. ನಮ್ಮ ಕಡೆ ಅದು ನೀರಿನಿಂದ, ಸಾಲದಿಂದ ಶುರುವಾಗುತ್ತದೆ.

ಹಾಸ್ಟೆಲುಗಳು ಖಾಲಿಯಾದವು, ಮಕ್ಕಳು ಮನೆಗೆ ಬಂದರು, ಪಾಠ ಮೊಬೈಲಿಗೆ ಬಂತು. ಮೂಡಲಗಿ ಕಡೆಯ ಹಳ್ಳಿಯೊಂದರ ಫಾರ್ಮಸಿ ವಿದ್ಯಾರ್ಥಿಯೊಬ್ಬ ಆ ದಿನಗಳನ್ನು ನನಗೆ ಹೀಗೆ ವಿವರಿಸಿದ್ದ: “ಮನ್ಯಾಗ ರೇಂಜ್ ಸಿಗತಿರಲಿಲ್ಲರಿ ಸರ. ಕಾಲುವಿ ಏರಿ ಮ್ಯಾಲೆ ಹೋಗಿ ಕುಂಡರತಿದ್ದೆ. ಅಪ್ಪ ನೀರು ಹಾಸಾಕ ಹೋಗೂಮುಂದ ನೋಡಿ, ಇದೇನ ಕಲಿಯೂದೋ ಅಂತಿದ್ದ. ನನಗೂ ಹಂಗ ಅನಸತಿತ್ತು.” ಅಪ್ಪನದು ವ್ಯಂಗ್ಯವಾಗಿರಲಿಲ್ಲ, ನಿಜವಾದ ಗೊಂದಲವಾಗಿತ್ತು. ಕಬ್ಬಿನ ಬಿಲ್ಲಿನ ಹಣವನ್ನು ಫೀ ಎಂದು ಕಟ್ಟಿದವನಿಗೆ ಮಗ ಕಾಲುವೆಯ ಏರಿಯ ಮೇಲೆ ಕುಳಿತು ಫೋನು ನೋಡುವುದು ಹೇಗೆ ಕಾಣಬೇಕು?

ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಫೋನಿನಲ್ಲಿ ಒಂದು ಮಟ್ಟಿಗೆ ಕಲಿಯಬಹುದು. ಶುಶ್ರೂಷೆ ಕೈಯ ವಿದ್ಯೆ. ನಾಡಿ ಹಿಡಿಯುವುದನ್ನು, ರಕ್ತನಾಳ ಹುಡುಕುವುದನ್ನು, ಮುದುಕರೊಬ್ಬರನ್ನು ನೋವಾಗದಂತೆ ಮಗ್ಗುಲು ಬದಲಿಸುವುದನ್ನು ಯಾವ ಪರದೆಯೂ ಕಲಿಸಲಾರದು. ಹುಕ್ಕೇರಿ ಕಡೆಯ, ನನಗೆ ದೂರದ ಸಂಬಂಧಿಯೂ ಆಗುವ ಒಬ್ಬಳು ನರ್ಸಿಂಗ್ ಓದುತ್ತಿದ್ದಳು. ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ, ಅನಂತರ ಏಕಾಏಕಿ ಇಂಗ್ಲಿಷಿನ ಅನಾಟಮಿ. ಈ ಮೂರು ಭಾಷೆಗಳ ನಡುವೆ ಈಜುವ ಕಷ್ಟ ಏನೆಂಬುದು ಅದೇ ದಾರಿಯಲ್ಲಿ ಅರ್ಧ ನಡೆದ ನನಗೆ ಗೊತ್ತಿದೆ. ಎರಡನೆಯ ಅಲೆ ಬಂದಾಗ ಅವಳು ಕೋವಿಡ್ ವಾರ್ಡಿನಲ್ಲಿದ್ದಳು. ಬಹಳ ದಿನಗಳಾದ ಮೇಲೆ ಒಮ್ಮೆ ನಮ್ಮ ದಖನಿಯಲ್ಲಿ ಅವಳು ಹೇಳಿದ ಮಾತಿನ ಸಾರ ಇಷ್ಟು: “ಮಾಮು, ಎಲ್ಲರೂ ನಿನಗೆ ಸಾಯುವ ಭಯ ಆಗಲಿಲ್ಲವೇ ಎಂದು ಕೇಳುತ್ತಾರೆ. ಅದಕ್ಕಿಂತ ದೊಡ್ಡ ಭಯ ಒಂದಿತ್ತು. ನಾನು ಸೂಜಿ ಚುಚ್ಚಿದ್ದು ಹೆಚ್ಚಾಗಿ ಗೊಂಬೆಗೆ. ನನ್ನ ಕೈಯಿಂದ ಯಾರಾದರೂ ಸತ್ತರೆ?”

ಈ ಮಾತನ್ನು ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ಬೇಡುತ್ತೇನೆ. ನಾವು ಮರುಕಪಟ್ಟದ್ದು ಅವಳ ಪ್ರಾಣಭಯಕ್ಕೆ. ಅವಳನ್ನು ರಾತ್ರಿ ನಿದ್ದೆಗೆಡಿಸಿದ್ದು ಇನ್ನೊಬ್ಬರ ಪ್ರಾಣದ ಭಯ. ಅದು ಹೇಡಿಯ ಭಯವಲ್ಲ. ತನ್ನ ಕೈಗೆ ಬಂದದ್ದು ಅಮಾನತ್ತು, ಅದಕ್ಕೆ ತಾನು ಲೆಕ್ಕ ಕೊಡಬೇಕು ಎಂದು ಬಲ್ಲವರಿಗೆ ಮಾತ್ರ ಬರುವ ಭಯ. ಅದನ್ನು ಬಿಚ್ಚಿ ಹೇಳಿಕೊಳ್ಳಲು ಅವಳಿಗೆ ಜಾಗವಿರಲಿಲ್ಲ. ‘ನನಗೆ ಸರಿಯಾಗಿ ಬರುವುದಿಲ್ಲ’ ಎಂದರೆ ಕಲಿಕೆಯಲ್ಲಿ ಹಿಂದೆ ಎಂದಾಗುತ್ತದೆ. ‘ನನಗೆ ಹೆದರಿಕೆ’ ಎಂದರೆ ಈ ಕೆಲಸಕ್ಕೆ ನಾಲಾಯಕ್ಕು ಎಂದಾಗುತ್ತದೆ. ಎರಡೂ ಕಡೆಯಿಂದ ಬಾಗಿಲು ಮುಚ್ಚಿದ ಮೇಲೆ ಮನುಷ್ಯ ಒಳಗೇ ಬೇಯುತ್ತಾನೆ.

ಹೊರಗಿನ ವಾತಾವರಣವಾದರೂ ಹೇಗಿತ್ತು? ತಟ್ಟೆ ಬಡಿದ ಊರುಗಳಲ್ಲೇ ನರ್ಸುಗಳಿಗೆ ಬಾಡಿಗೆ ಮನೆ ಖಾಲಿ ಮಾಡಲು ಹೇಳಿದ ಸುದ್ದಿಗಳು ದೇಶದ ನಾನಾ ಕಡೆಯಿಂದ ಬಂದವು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಜನ ಏರಿ ಹೋದರು. ಅದನ್ನು ನಮ್ಮವರು ಮಾಡಿದರೆಂಬ ಕಾರಣಕ್ಕೆ ಮುಚ್ಚಿಡುವುದು ಸಲ್ಲದು, ಅದು ನಾಚಿಕೆಗೇಡು. ಅದೇ ತಿಂಗಳು ಕೇಂದ್ರ ಸರಕಾರ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಐದು ವರ್ಷದವರೆಗಿನ ಶಿಕ್ಷೆಯ ಸುಗ್ರೀವಾಜ್ಞೆ ತಂದಿತು. ಜುಲೈನಲ್ಲಿ ನಮ್ಮದೇ ಬೆಳಗಾವಿಯ ಬಿಮ್ಸ್ ಆವರಣದಲ್ಲಿ ರೋಗಿಯೊಬ್ಬರ ಸಾವಿನ ನಂತರ ಆಂಬುಲೆನ್ಸಿಗೆ ಬೆಂಕಿ ಬಿತ್ತು. ಇಂಥ ಆವರಣದೊಳಕ್ಕೆ ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗಬೇಕಾದ ಇಪ್ಪತ್ತೆರಡರ ಇಂಟರ್ನ್ ಒಬ್ಬನ ಮನಸ್ಸನ್ನು ಊಹಿಸಿಕೊಳ್ಳಿ.

ಮುಸ್ಲಿಂ ವಿದ್ಯಾರ್ಥಿಗಳ ಪಾಲಿಗೆ ಇನ್ನೊಂದು ಭಾರವೂ ಇತ್ತು. ನಿಜಾಮುದ್ದೀನ್ ಮರ್ಕಜ್ ಪ್ರಕರಣದ ನಂತರ ನಮ್ಮ ಜಿಲ್ಲೆಯ ಹಿರೇಬಾಗೇವಾಡಿ, ಕುಡಚಿಗಳ ಹೆಸರು ದಿನವೂ ಟಿವಿಯಲ್ಲಿ ಮೊಳಗುತ್ತಿದ್ದ ಕಾಲ ಅದು. ರೋಗಕ್ಕೆ ಒಂದು ಧರ್ಮವನ್ನು ಅಂಟಿಸಲಾಗಿತ್ತು. ಆ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ಜಮಾಅತಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಮಾಡಿ, ಅವರನ್ನು ಬಲಿಪಶು ಮಾಡಲಾಯಿತೆಂಬ ಅರ್ಥದ ಮಾತನ್ನು ಹೇಳಿತು. ಆದರೆ ತೀರ್ಪು ಬರುವಷ್ಟರಲ್ಲಿ ಹಾಸ್ಟೆಲಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಬೇಕಾದದ್ದೆಲ್ಲ ಹರಿದಾಡಿ ಆಗಿತ್ತು. ರೋಗಿಯ ಮಲಮೂತ್ರ ಎತ್ತುವ ಹುಡುಗಿ ತನ್ನ ಹೆಸರು ಹೇಳಲು ಅಳುಕುವುದಾದರೆ ಆ ಅಳುಕಿಗೆ ಯಾವ ಮಾತ್ರೆ ಇದೆ?

ಈಗ ಮೂಲ ಪ್ರಶ್ನೆಗೆ ಬರೋಣ. ಸಾಂಕ್ರಾಮಿಕದ ಎದುರು ನಿಲ್ಲುವುದು, ಹಿಂದೆ ಸರಿಯುವುದು ಎಂಬ ಪ್ರಶ್ನೆ ಹೊಸದಲ್ಲ. ಹಿಜರಿ 18ರ ಸುಮಾರಿಗೆ ಶಾಮ್ ಪ್ರಾಂತದಲ್ಲಿ ಅಮ್ವಾಸ್ ಪ್ಲೇಗು ಹರಡಿದಾಗ ಖಲೀಫಾ ಉಮರ್ ಅವರು ಗಡಿಯವರೆಗೆ ಹೋಗಿ, ಸಂಗಾತಿಗಳೊಡನೆ ಸಮಾಲೋಚಿಸಿ ಮದೀನಕ್ಕೆ ಹಿಂದಿರುಗಿದರು. ರೋಗವಿರುವ ನಾಡಿಗೆ ಹೋಗಬೇಡಿ, ನೀವಿರುವಲ್ಲಿ ರೋಗ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿವರ್ಯರ ಬೋಧನೆ ಅವರ ಬೆನ್ನಿಗಿತ್ತು. ಸೇನಾಪತಿ ಅಬೂ ಉಬೈದಾ ಅವರಿಗೆ ಖಲೀಫರು ಹಿಂದಿರುಗುವುದು ಸರಿತೋರಲಿಲ್ಲ, ಇದು ದೇವವಿಧಿಯಿಂದ ಓಡುವುದಲ್ಲವೇ ಎಂದು ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಬಂತು. ಅಬೂ ಉಬೈದಾ ತಮ್ಮ ಸೈನಿಕರನ್ನು ಬಿಟ್ಟು ಬರಲಿಲ್ಲ, ಅಲ್ಲೇ ಅದೇ ರೋಗದಿಂದ ತೀರಿಕೊಂಡರು. ಈ ಘಟನೆಯನ್ನು ವಿಧಿ ಮತ್ತು ವಿವೇಕದ ಪಾಠವೆಂದು ಎಷ್ಟೋ ಸಲ ಕೇಳಿದ್ದೇವೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ದೊಡ್ಡದಾಗಿ ಕಾಣುತ್ತದೆ. ಹಿಂದೆ ಸರಿದವರನ್ನು ಚರಿತ್ರೆ ಹೇಡಿ ಎನ್ನಲಿಲ್ಲ, ಉಳಿದವರನ್ನು ಹುಂಬ ಎನ್ನಲಿಲ್ಲ. ಇಬ್ಬರೂ ತಂತಮ್ಮ ಹೊಣೆಯನ್ನು ತೂಗಿ ನೋಡಿದರು, ಇಬ್ಬರಿಗೂ ಹಾಗೆ ತೂಗುವ ಸ್ವಾತಂತ್ರ್ಯವಿತ್ತು. 1897ರಲ್ಲಿ ಪುಣೆಯಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ ತೀರಿಕೊಂಡ ಸಾವಿತ್ರಿಬಾಯಿ ಫುಲೆಯವರ ಬಗೆಗೂ ಇದೇ ಮಾತು. ಅವರನ್ನು ಯಾರೂ ಕಳಿಸಿರಲಿಲ್ಲ, ಅವರೇ ಹೋದರು. ಅವರ ತ್ಯಾಗ ಅಷ್ಟು ಎತ್ತರದ್ದಾಗಿ ಕಾಣುವುದು ಇದರಿಂದಲೇ.

ನಮ್ಮ ಹುಡುಗರಿಗೆ ತೂಗುವ ಸ್ವಾತಂತ್ರ್ಯ ಎಲ್ಲಿತ್ತು? ಹಾಜರಿ ಕಾಲೇಜಿನ ಕೈಯಲ್ಲಿ, ಪರೀಕ್ಷೆ ವಿಶ್ವವಿದ್ಯಾಲಯದ ಕೈಯಲ್ಲಿ, ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರ ಆಸ್ಪತ್ರೆಯ ಕೈಯಲ್ಲಿ. ಮನೆಯಲ್ಲಿ ತಾಯಿ “ಸಾಕು, ಬಿಟ್ಟು ಬಾ, ಜೀವ ಇದ್ದರ ಮುಂದ ನೋಡೂಣ” ಎಂದು ಫೋನಿನಲ್ಲಿ ಅಳುತ್ತಿದ್ದಳು. ಬಿಟ್ಟು ಬಂದರೆ ಬ್ಯಾಂಕಿನಲ್ಲಿರುವ ಅದೇ ತಾಯಿಯ ಬಂಗಾರವನ್ನು ಬಿಡಿಸುವವರಾರು? 2021ರ ಮೇ 3ರಂದು ಕೇಂದ್ರ ಸರಕಾರ ಸ್ನಾತಕೋತ್ತರ ನೀಟ್ ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಿ, ಇಂಟರ್ನ್‌ಗಳನ್ನು ಕೋವಿಡ್ ಕೆಲಸಕ್ಕೆ, ಅಂತಿಮ ವರ್ಷದ ಎಂಬಿಬಿಎಸ್‌ನವರನ್ನು ದೂರವಾಣಿ ಸಲಹೆಗೆ ಮತ್ತು ಸೌಮ್ಯ ಲಕ್ಷಣದವರ ನಿಗಾಕ್ಕೆ, ಬಿ.ಎಸ್ಸಿ. ಮತ್ತು ಜಿಎನ್‌ಎಂ ಪಾಸಾದವರನ್ನು ಪೂರ್ಣಾವಧಿ ಶುಶ್ರೂಷೆಗೆ ಬಳಸಿಕೊಳ್ಳುವ ನಿರ್ಧಾರ ಪ್ರಕಟಿಸಿತು. ನೂರು ದಿನ ಪೂರೈಸಿದವರಿಗೆ ಮುಂದೆ ಸರಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದಿತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ ಇಪ್ಪತ್ತನಾಲ್ಕು ಜನ ತೀರಿಕೊಂಡ ಸುದ್ದಿ ಬಂದದ್ದೂ ಆ ದಿನವೇ. ಕೈಗಳು ಬೇಕಾಗಿದ್ದವು, ಸುಳ್ಳಲ್ಲ. ಆ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಆದರೆ ಅದಕ್ಕೆ ಎರಡೇ ವಾರ ಮುಂಚೆ, ಏಪ್ರಿಲ್ 17ರಂದು, ಬೆಳಗಾವಿ ಲೋಕಸಭೆಯ ಉಪಚುನಾವಣೆ ನಡೆದಿತ್ತು. ಕೊರೊನಾದಿಂದಲೇ ತೀರಿಕೊಂಡ ಸಂಸದ ಸುರೇಶ ಅಂಗಡಿಯವರ ಸ್ಥಾನಕ್ಕೆ ನಡೆದ ಚುನಾವಣೆಗೆ ಗೋಕಾಕ ಮೂಡಲಗಿಗಳಲ್ಲೂ ಪ್ರಚಾರ ಜೋರಾಗಿತ್ತು. ದೊಡ್ಡವರು ಗುಂಪುಗೂಡಿ, ಅದರ ಲೆಕ್ಕ ತೀರಿಸಲು ಮಕ್ಕಳನ್ನು ಕರೆದಂತಾಯಿತು.

ಇಲ್ಲಿ ನನಗೆ ‘ಫರ್ಜ್ ಕಿಫಾಯ’ ಎಂಬ ಕಲ್ಪನೆ ನೆರವಿಗೆ ಬರುತ್ತದೆ. ಇಡೀ ಸಮುದಾಯದ ಮೇಲಿರುವ ಕರ್ತವ್ಯ ಅದು. ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಇಮಾಮ್ ಗಜಾಲಿಯವರು ವೈದ್ಯವಿದ್ಯೆಯನ್ನು ಇಂಥ ಕರ್ತವ್ಯಗಳ ಸಾಲಿನಲ್ಲಿ ಸೇರಿಸಿದ್ದಾರೆ. ಈ ಕಲ್ಪನೆಯನ್ನು ನಾವು ಸಾಮಾನ್ಯವಾಗಿ ನಮ್ಮ ಬಿಡುಗಡೆಯ ದಾರಿಯಾಗಿ ನೋಡುತ್ತೇವೆ: ನಾಲ್ಕು ಜನ ಜನಾಜಾ ನಮಾಜಿಗೆ ಹೋದರೆ ನನಗೆ ಮಾಫಿ. ಇದನ್ನು ತಿರುಗಿಸಿ ನೋಡಿದರೆ ಬೇರೊಂದು ಮುಖ ಕಾಣುತ್ತದೆ. ಆ ಕೆಲವರು ಹೊತ್ತದ್ದು ನನ್ನ ಪಾಲಿನ ಹೊರೆಯನ್ನು. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಾಗ ಆ ಹುಡುಗಿ ನನ್ನ ಬದಲಿಗೆ ವಾರ್ಡಿನಲ್ಲಿದ್ದಳು. ಹಾಗಿದ್ದ ಮೇಲೆ ಅವಳು ನನಗೆ ಸೇವೆ ಮಾಡಿದಳೆನ್ನುವುದಕ್ಕಿಂತ, ನಾನು ಅವಳ ಸಾಲಗಾರ ಎನ್ನುವುದು ಹೆಚ್ಚು ನಿಜ. ಸಾಲಗಾರ ಸಾಲ ಕೊಟ್ಟವನನ್ನು ಹೊಗಳಿದರೆ ಸಾಲ ತೀರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ನನ್ನ ಗೆಳೆಯರೇ ಎತ್ತಿದ್ದು. ಅವರು ಆ ವೃತ್ತಿಯನ್ನು ತಾವೇ ಆರಿಸಿಕೊಂಡವರಲ್ಲವೇ? ಅಪಾಯ ಅದರಲ್ಲೇ ಇದೆಯಲ್ಲ? ಮತ್ತು ಕಷ್ಟಪಟ್ಟವರು ಅವರೊಬ್ಬರೇ ಏನು? ಲಾರಿ ಚಾಲಕರಿಲ್ಲವೇ, ನೇಕಾರರಿಲ್ಲವೇ, ದುಡಿಮೆ ನಿಂತು ನಡೆದೇ ಊರು ಸೇರಿದವರಿಲ್ಲವೇ? ಎರಡನೆಯ ಮಾತನ್ನು ಒಪ್ಪುತ್ತೇನೆ, ನೋವಿನಲ್ಲಿ ಪೈಪೋಟಿ ಸಲ್ಲದು. ಮೊದಲನೆಯದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಈಜು ಕಲಿಯಲು ಬಂದವನು ನೀರನ್ನು ಆರಿಸಿಕೊಂಡಿರುತ್ತಾನೆ, ಮಹಾಪೂರವನ್ನಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯನ್ನು ಕಂಡ ಗೋಕಾಕದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಅಲ್ಲದೆ, ವೃತ್ತಿಯನ್ನು ಆರಿಸಿಕೊಂಡವರಿಗೆ ವೃತ್ತಿಯ ಗೌರವಧನವನ್ನಾದರೂ ಕೊಡಬೇಕಿತ್ತು. 2020ರ ಬೇಸಿಗೆ ಕಳೆದು ಮಳೆ ಹಿಡಿದಾಗ ದಾವಣಗೆರೆಯಲ್ಲಿ ಇಂಟರ್ನ್‌ಗಳೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ತಿಂಗಳುಗಟ್ಟಲೆ ಬಾರದ ಶಿಷ್ಯವೇತನಕ್ಕಾಗಿ ಧರಣಿ ಕೂರಬೇಕಾಯಿತು. ಯೋಧರಿಗೆ ಹೂಮಳೆ ಸುರಿಸಿ ಎರಡು ತಿಂಗಳೂ ಆಗಿರಲಿಲ್ಲ.

ಮನಸ್ಸಿನ ಕಾಯಿಲೆಯ ಮಾತನ್ನು ನಮ್ಮ ಜನ ಹೇಗೆ ಆಡುತ್ತಾರೆಂಬುದನ್ನೂ ಗಮನಿಸಬೇಕು. ಕನ್ನಡದಲ್ಲಿ ‘ತಲಿ ಕೆಟ್ಟೈತಿ’ ಎಂದರೆ ಮುಗಿಯಿತು, ಮುಂದೆ ಮಾತಿಲ್ಲ. ಮನೋರೋಗ ಎಂಬುದು ಪುಸ್ತಕದ ಶಬ್ದ, ಕೇಳಿದರೇ ಹೆದರಿಕೆ. ಹಾಗಾಗಿ ಜನ ಮೈಯ ಭಾಷೆಯಲ್ಲಿ ಹೇಳುತ್ತಾರೆ: ತಲೆ ಸಿಡಿಯುತ್ತದೆ, ಎದೆ ಹಾರುತ್ತದೆ, ಊಟ ಇಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ‘ದಿಲ್ ಘಬರಾತಾ’ ಎನ್ನುತ್ತಾರೆ. ಕೇಳಿಸಿಕೊಂಡವರು ನೀರು ಊದಿ ಕೊಡುತ್ತಾರೆ, ಸಬ್ರ್ ಮಾಡು ಎನ್ನುತ್ತಾರೆ. ಸಬ್ರ್ ದೊಡ್ಡ ಗುಣ. ತಾನೇ ತನಗೆ ಹೇಳಿಕೊಂಡಾಗ ಅದು ಊರುಗೋಲು. ಇನ್ನೊಬ್ಬರು, ಅದೂ ಅರ್ಧ ಮಾತು ಕೇಳುವ ಮೊದಲೇ, ಹೇಳಿದಾಗ ಅದು ಬಾಯಿಗೆ ತುರುಕಿದ ಬಟ್ಟೆಯಾಗುತ್ತದೆ. ಹುಡುಗಿಯಾದರಂತೂ ‘ನಾಳೆ ಸಂಬಂಧ ಕೇಳಿಕೊಂಡು ಬಂದವರಿಗೆ ಗೊತ್ತಾದರೆ’ ಎಂಬ ಇನ್ನೊಂದು ಬೀಗ. ಈಮಾನ್ ಇದ್ದವರಿಗೆ ಖಿನ್ನತೆ ಬರುವುದಿಲ್ಲ ಎಂದು ವೇದಿಕೆಯ ಮೇಲೆ ಹೇಳುವವರನ್ನೂ ಕೇಳಿದ್ದೇನೆ. ಹತ್ತನೆಯ ಶತಮಾನದಲ್ಲೇ ಅಬೂ ಜೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹಕ್ಕೆ ಕಾಯಿಲೆ ಬರುವಂತೆ ನಫ್ಸ್‌ಗೂ ಬರುತ್ತದೆ, ವೈದ್ಯರು ದೇಹವನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ ಎಂದು ಬರೆದು, ಭಯಕ್ಕೂ ದುಃಖಕ್ಕೂ ಬೇರೆ ಬೇರೆ ಚಿಕಿತ್ಸೆ ಚರ್ಚಿಸಿದ್ದರು. ಸಾವಿರ ವರ್ಷಗಳ ಹಿಂದಿನ ಆ ಮುಸಲ್ಮಾನನ ಮುಂದೆ ನಮ್ಮ ವೇದಿಕೆಯ ಭಾಷಣಕಾರರೇ ಹಳೆಯ ಕಾಲದವರಾಗಿ ಕಾಣುತ್ತಾರೆ.

ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗಳಲ್ಲಿ ಈ ಮೌನ ಇನ್ನೂ ಗಟ್ಟಿ. ನಾಳೆ ರೋಗಿಯನ್ನು ನೋಡಬೇಕಾದವನು ತಾನೇ ರೋಗಿಯೆಂದು ಒಪ್ಪುವುದು ಹೇಗೆ? 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ತನ್ನ ವರದಿ ಕೊಟ್ಟಿತು. ಸಮೀಕ್ಷೆಗೆ ಉತ್ತರಿಸಿದ 25 ಸಾವಿರಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 28ರಷ್ಟು ಮಂದಿ ಮಾನಸಿಕ ತೊಂದರೆಯನ್ನು ಹೇಳಿಕೊಂಡಿದ್ದರು. ಸ್ನಾತಕೋತ್ತರದವರಲ್ಲಿ ಶೇ. 31ರಷ್ಟು ಜನರಿಗೆ ಬದುಕು ಮುಗಿಸಿಕೊಳ್ಳುವ ಯೋಚನೆ ಬಂದಿತ್ತು. ಸಾಂಕ್ರಾಮಿಕ ಮುಗಿದ ಮೇಲಿನ ಅಂಕಿಗಳಿವು. ಆದರೆ ಇವು ವೈದ್ಯಕೀಯ ಕಾಲೇಜುಗಳವು. ತಾಲೂಕು ಊರುಗಳ ನರ್ಸಿಂಗ್, ಫಾರ್ಮಸಿ ಮಕ್ಕಳು ಆ ಎಣಿಕೆಯೊಳಗಿಲ್ಲ. ಕಾಲುವೆ ಏರಿಯ ಮೇಲೆ ಕುಳಿತಿದ್ದವನು ಅದರಲ್ಲಿ ಇಲ್ಲ.

ಕಾಯಿದೆ ಸುಧಾರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಕರೆಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ನಮಗೆ ತೀರ ದೂರವೂ ಅಲ್ಲ. ಆದರೆ ಹುಕ್ಕೇರಿಯಿಂದ ಧಾರವಾಡಕ್ಕೆ ಬಸ್ಸು ಹತ್ತುವ ಹುಡುಗಿ ಮನೆಯಲ್ಲಿ ಏನು ಹೇಳಿ ಹೊರಡಬೇಕು? ಕಣ್ಣು ತೋರಿಸಲು ಹೋಗುತ್ತೇನೆ ಎಂದು ಸುಳ್ಳು ಹೇಳದೆ ಹೊರಡುವಂತಾಗಬೇಕು. ಅದನ್ನು ಯಾವ ಸರಕಾರವೂ ಮಾಡಿಕೊಡಲಾರದು, ಆ ಮನೆಯವರೇ ಮಾಡಬೇಕು.

ಸಾಲ ತೀರಿಸುವ ಬಾಬತ್ತುಗಳು ಇನ್ನೂ ಇವೆ, ಅವು ದೊಡ್ಡವೇನೂ ಅಲ್ಲ. ಶಿಷ್ಯವೇತನ ತಿಂಗಳಿಗೆ ಸರಿಯಾಗಿ ಬರಬೇಕು. ರಾತ್ರಿ ಪಾಳಿ ಮಾಡಿದವರಿಗೆ ಮರುದಿನ ಪರೀಕ್ಷೆ ಇರಬಾರದು. ಕಲಿಕೆ ತಪ್ಪಿಹೋದ ತಂಡಕ್ಕೆ ಪ್ರಾಯೋಗಿಕ ಕಲಿಕೆಯನ್ನು ಮತ್ತೆ ಕೊಡಬೇಕು, ಅದಕ್ಕೆ ಮತ್ತೆ ಫೀ ಕೇಳಬಾರದು. ವಾರ್ಡಿನಲ್ಲಿ ಮೊದಲ ಸಾವು ಕಂಡ ವಿದ್ಯಾರ್ಥಿಯನ್ನು ಅಂದು ಸಂಜೆ ಹಿರಿಯ ನರ್ಸ್ ಒಬ್ಬರು ಕೂರಿಸಿಕೊಂಡು ಚಹಾ ಕುಡಿಸಿ, ತಮ್ಮ ಮೊದಲ ಸಾವು ಹೇಗಿತ್ತೆಂದು ಹೇಳಬೇಕು. ಇದಕ್ಕೆ ಬಜೆಟ್ಟು ಬೇಕಿಲ್ಲ. ಜುಮಾ ಖುತ್ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಖತೀಬರು, ಮನಸ್ಸು ನೊಂದವರು ವೈದ್ಯರ ಬಳಿ ಹೋಗುವುದು ತವಕ್ಕುಲಿಗೆ ವಿರುದ್ಧವಲ್ಲ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳುವ ಕೆಲವರು ಇದ್ದಾರೆ, ಸಂಖ್ಯೆ ಸಾಲದು.

ಆ ತಂಡದ ಮಕ್ಕಳು ಈಗ ಇಪ್ಪತ್ತೈದರ ಆಚೀಚೆ ಇದ್ದಾರೆ. ಕೆಲವರು ಬೆಂಗಳೂರಿನ ಆಸ್ಪತ್ರೆಗಳಲ್ಲಿದ್ದಾರೆ, ಕೆಲವರು ಕೊಲ್ಲಿಗೆ ಹೋಗಿದ್ದಾರೆ. ಮೂಡಲಗಿಯ ಹುಡುಗ ಔಷಧ ಅಂಗಡಿ ಇಟ್ಟಿದ್ದಾನೆ. ಓದನ್ನು ಅರ್ಧಕ್ಕೆ ಬಿಟ್ಟವರೂ ಇದ್ದಾರೆ, ಅವರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಹುಕ್ಕೇರಿಯ ಹುಡುಗಿ ಐಸಿಯುನಲ್ಲಿ ಕೆಲಸ ಮಾಡುತ್ತಾಳೆ, ಕೈ ಪಳಗಿದೆ ಎನ್ನುತ್ತಾಳೆ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯರನ್ನು ಮೊದಲ ವಾರ ತನ್ನ ಪಾಳಿಯಲ್ಲೇ ಹಾಕಿಸಿಕೊಳ್ಳುತ್ತಾಳಂತೆ. ಸೂಜಿ ಕೊಡುವ ಮೊದಲು ಅವರನ್ನು “ಅಂಜಿಕಿ ಆಗತೈತೇನು?” ಎಂದು ಕೇಳುತ್ತಾಳೆ. ಇಲ್ಲ ಎಂದವರಿಗೆ ಆ ದಿನ ಸೂಜಿ ಕೊಡುವುದಿಲ್ಲವಂತೆ.